ಧ್ರುವದ ಗಾಳಿಯಲ್ಲಿ ಒಣಮೀನಿನ ಹೊಗೆ

ಸ್ವಾಲ್ಬಾರ್ಡಿಗೆ ಬಂದ ಮರುದಿನ ನನ್ನ ಮೂಗು ಕೆಟ್ಟಿತೆಂದೇ ತಿಳಿದೆ. ಮಣ್ಣಿನದೋ ಎಲೆಯದೋ ಒಂದು ವಾಸನೆಯೂ ಇಲ್ಲ. ಗಾಬರಿಯಲ್ಲಿ ಕಾಫಿಪುಡಿಯ ಡಬ್ಬಿ ತೆರೆದು ಮೂಸಿದೆ. ಮೂಗು ಸರಿಯಿತ್ತು, ಗಾಳಿಯೇ ಬೇರೆ.

ನಾರ್ವೆಗಿಂತಲೂ ಉತ್ತರಕ್ಕೆ, ಧ್ರುವದ ಹತ್ತಿರವಿರುವ ಈ ದ್ವೀಪದಲ್ಲಿ ಗಾಳಿಯ ಕಣಗಳನ್ನು ಹಿಡಿಯುವ ಒಂದು ಕೇಂದ್ರ ಉಂಟು. ಬೆಳ್ತಂಗಡಿಯವಳಾದ ನನಗೆ ಅಲ್ಲಿ ಫಿಲ್ಟರ್ ಬದಲಿಸುವ ಕೆಲಸ. ಯಂತ್ರ ದಿನವಿಡೀ ಗಾಳಿ ಎಳೆಯುತ್ತದೆ, ಫಿಲ್ಟರಿನ ಬಿಳಿ ಹಾಳೆಯ ಮೇಲೆ ಕಣಗಳು ಕೂರುತ್ತವೆ. ಬೇಸಿಗೆಯಲ್ಲಿ ಕಡಲಿನ ಉಪ್ಪು. ಬಂಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳ ಹಿಕ್ಕೆಯಿಂದ ಏಳುವ ಅಮೋನಿಯಾದಿಂದಲೂ ಹೊಸ ಕಣಗಳು ಹುಟ್ಟುತ್ತವಂತೆ! ಚಳಿಗಾಲದ ಕೊನೆಗೆ ಮಾತ್ರ ಹಾಳೆ ಬೂದು. ದೂರದ ಖಂಡಗಳ ಕಾರ್ಖಾನೆಯ ಮಸಿ ಇಲ್ಲಿಯವರೆಗೂ ಹಾರಿ ಬರುತ್ತದೆ. ಊರ ಕಡೆ ಮೂಡುಬಿದಿರೆಯಲ್ಲಿ ಬಸ್ಸು ಹೊಗೆ ಉಗುಳಿದರೆ ಶಾಲಿನಲ್ಲಿ ಮೂಗು ಮುಚ್ಚಿ ಮರೆಯುತ್ತಿದ್ದೆ. ಇಲ್ಲಿ ಮಸಿಯ ಚೂರಿಗೂ ಊರು ಯಾವುದೆಂದು ಕೇಳುತ್ತೇವೆ.

ಮನೆಯೆಂದರೆ ಕೇಂದ್ರದ ಪಕ್ಕದ ಎರಡು ಕೋಣೆ. ಭಾಷೆ ಬಾರದು, ಊಟ ಸೇರದು. ಜುಲೈಯ ಒಂದು ಭಾನುವಾರ ತಡೆಯಲಾಗದೆ, ಅಮ್ಮ ಕಟ್ಟಿಕೊಟ್ಟ ಒಣಮೀನನ್ನು ಮನೆಯ ಹಿಂದೆ ಕೆಂಡದಲ್ಲಿ ಸುಟ್ಟು ಗಂಜಿ ಉಂಡೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬಿತು.

ಸೋಮವಾರ ಫಿಲ್ಟರ್ ತೆಗೆದರೆ ಬೂದು! ನನ್ನ ಮೇಲಧಿಕಾರಿ ಇಂಗ್ರಿಡ್ ಅದನ್ನು ಬೆಳಕಿಗೆ ಹಿಡಿದಳು.

"ನಿನ್ನೆ ಪ್ರವಾಸಿಗರ ಹಡಗು ಬಂದಿತ್ತಲ್ಲ, ಅದರ ಹೊಗೆಯೇ."

ಸುಮ್ಮನಿರಬಹುದಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೆ ಹಾಗೆಯೇ ಬರೆದುಬಿಟ್ಟರೆ ಆ ದಿನದ ದಾಖಲೆ ಎಂದೆಂದಿಗೂ ಸುಳ್ಳಾಗಿಯೇ ಉಳಿಯುತ್ತಿತ್ತು.

"ಹಡಗಲ್ಲ," ಎಂದೆ. "ನಾನು ಮೀನು ಸುಟ್ಟೆ."

ಅವಳು ಹೊರಗೆ ಹೋಗಿ ನನ್ನ ಬೂದಿಯನ್ನೂ ಗಾಳಿಯ ದಿಕ್ಕನ್ನೂ ನೋಡಿ ಬಂದಳು. "ಒಂದು ದಿನದ ಗಾಳಿ ಹೋಯಿತು. ಅದನ್ನು ಮತ್ತೆ ಹಿಡಿಯಲಿಕ್ಕಾಗುವುದಿಲ್ಲ."

ನನಗೆ ಅಳು ಬಂತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕರೆದಳು: "ಬಾ, ನಿನ್ನ ಮೀನು ಹೇಗಿದೆ ನೋಡೋಣ." ಸೂಕ್ಷ್ಮದರ್ಶಕದಲ್ಲಿ ಕಡಲುಪ್ಪು ಚೌಕಚೌಕವಾಗಿತ್ತು. ಅದರ ನಡುವೆ ಕರಿದ್ರಾಕ್ಷಿಯ ಗೊಂಚಲಿನಂತೆ ನನ್ನ ಹೊಗೆ! ಇಬ್ಬರೂ ಬಹಳ ಹೊತ್ತು ನೋಡಿದೆವು. ಆಮೇಲೆ ಅವಳು ದಾಖಲೆ ಪುಸ್ತಕದಲ್ಲಿ ಒಂದೇ ಪದ ಬರೆದಳು: 'ಲೋಕಾಲ್'. ಅವರ ಭಾಷೆಯಲ್ಲಿ, ದೂರದಿಂದ ಬಂದದ್ದಲ್ಲ, ಇಲ್ಲಿಯದೇ ಎಂದರ್ಥ.

ಸಂಜೆ ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕರು. "ಎಂಥ ಮಾರಾಯ್ತಿ, ಮೀನು ಸುಟ್ಟದ್ದಕ್ಕೂ ಬೈಗುಳವಾ? ಇನ್ನು ಕಳಿಸುವುದು ಬೇಡವಾ?"

"ಕಳಿಸಿ ಅಮ್ಮ. ಗಾಳಿ ನೋಡಿ ಸುಡ್ತೇನೆ."

ಬೆಳ್ತಂಗಡಿ ಸಂತೆಯ ಮೀನಿನ ಹೊಗೆ ಒಂದೇ ದಿನದಲ್ಲಿ ಇಲ್ಲಿಯದಾಯಿತು. ನಾನಿನ್ನೂ ಆಗಿಲ್ಲ. ಆದರೆ ಕಳೆದ ರಜೆಯಲ್ಲಿ ಊರಿಗೆ ಹೋದಾಗ, ಬಚ್ಚಲೊಲೆಯ ಹೊಗೆಗೆ ಮನೆಯಲ್ಲಿ ಕೆಮ್ಮಿದ್ದು ನಾನೊಬ್ಬಳೇ.