ಚಾರ್ಮಾಡಿವರೆಗಿನ ಅಂತರ

ಮೊನ್ನೆ ಸಿದ್ಧಕಟ್ಟೆಯ ಹತ್ತಿರ ಮುಂದಿನ ಲಾರಿಯಿಂದ ಬ್ರೇಕ್ ಲೈನರ್ ಕಾದ ವಾಸನೆ ಬಂತು. ನಿಮಗೂ ಆ ವಾಸನೆ ಗೊತ್ತಿರಬಹುದು. ಇಲ್ಲವಾದರೆ ಇಳಿಜಾರಿನಲ್ಲಿ ಯಾವುದಾದರೂ ಲೋಡ್ ಲಾರಿಯ ಹಿಂದೆ ಸ್ವಲ್ಪ ಹೊತ್ತು ಹೋಗಿ ನೋಡಿ. ಭಾವನ ಲಾರಿಯಲ್ಲಿ ಮಾತ್ರ ನಾನು ಅದನ್ನು ಮೂಸಿದ್ದೇ ಇಲ್ಲ.

ಭಾವ ಎಂದರೆ ಅಕ್ಕನ ಗಂಡ. ಮೂಡುಬಿದಿರೆ ಕಡೆಯ ಕೋರೆಗಳಿಂದ ಕೆಂಪುಕಲ್ಲು ತುಂಬಿಸಿ ಬೆಳ್ತಂಗಡಿ, ಬಂಟ್ವಾಳಕ್ಕೆ ಸಾಗಿಸುತ್ತಿದ್ದರು. ಲಾರಿ ಸ್ವಂತದ್ದು. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಂದಿನ ವಾಹನಕ್ಕೂ ತಮಗೂ ನಡುವೆ ಎಷ್ಟು ಜಾಗ ಬಿಡಬೇಕೆಂಬುದಕ್ಕೆ ಅವರದೇ ಒಂದು ಲೆಕ್ಕವಿತ್ತು. ಮುಂದಿನ ವಾಹನ ಮೋರಿ ದಾಟಿದ ಕೂಡಲೇ ನಿಧಾನವಾಗಿ ಬೆಳ್ತಂಗಡಿ ದಾರಿಯ ಊರುಗಳ ಹೆಸರು ಸಾಲಾಗಿ ಹೇಳತೊಡಗುವರು. ಖಾಲಿ ಲಾರಿಯಾದರೆ, ತಾವು ಅದೇ ಮೋರಿ ಮುಟ್ಟುವಷ್ಟರಲ್ಲಿ ವೇಣೂರು, ಗುರುವಾಯನಕೆರೆ ಆಗಿರಬೇಕು. ಲೋಡ್ ಇದ್ದರೆ ಬೆಳ್ತಂಗಡಿಯೂ ಸೇರಬೇಕು. ಮಳೆಯಾದರೆ ಉಜಿರೆ.

ಅಷ್ಟು ಜಾಗ ಕಂಡರೆ ನಮ್ಮ ಜನ ಬಿಡುತ್ತಾರೆಯೇ? ಬಸ್ಸು ನುಗ್ಗುವುದು, ರಿಕ್ಷಾ ನುಗ್ಗುವುದು. ಭಾವ ಲಾರಿ ನಿಧಾನ ಮಾಡಿ ಮತ್ತೆ ವೇಣೂರಿನಿಂದ ಶುರು. ಚಹಾ ಆರುವವರೆಗೂ ಕಾಯಲಾರದ ನನಗೆ ಪಕ್ಕದಲ್ಲಿ ಕೂತು ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಭಾವ, ಹೀಗಾದ್ರೆ ನಾವು ಹಿಂದೆ ಹಿಂದೆಯೇ ಹೋಗುದಾ?"

"ಹೋಗ್ಲಿ ಮಾರಾಯ. ಅವರಿಗೆ ಅರ್ಜೆಂಟ್ ಉಂಟು, ನಮ್ಮ ಬೆನ್ನಿಗೆ ಕಲ್ಲುಂಟು."

ಒಂದು ದಿನ ಅಕ್ಕನೂ ನಾನೂ ಅದೇ ಲಾರಿಯಲ್ಲಿ ಬೆಳ್ತಂಗಡಿಗೆ ಹೊರಟಿದ್ದೆವು. ಸುಡುಬಿಸಿಲು. ಭಾವ ಎಂದಿನಂತೆ ಊರುಗಳನ್ನು ಹೇಳುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಕಿವಿಗೊಟ್ಟದ್ದು ಅಕ್ಕ.

"ಮಳೆ ಎಲ್ಲುಂಟು? ಉಜಿರೆ ದಾಟಿ ಚಾರ್ಮಾಡಿವರೆಗೆ ಯಾಕೆ ಹೋದದ್ದು ನೀವು?"

ಭಾವ ರಸ್ತೆಯಿಂದ ಕಣ್ಣು ತೆಗೆಯದೆ, "ಕಾಲು ಬ್ರೇಕಿಗೆ ಹೋಗುದು ತಡ ಆಗ್ತಾ ಉಂಟು ಮಾರಾಯ್ತಿ. ಇನ್ನು ಸೇರಿಸ್ಲಿಕ್ಕೆ ಊರೇ ಇಲ್ಲ, ಘಾಟಿಯೇ ಹತ್ತಬೇಕು" ಎಂದರು.

ತಮಾಷೆಯಾಗಿಯೇ ಹೇಳಿದ್ದರು, ಆದರೆ ನಾವಿಬ್ಬರೂ ನಗಲಿಲ್ಲ. ಅಕ್ಕ ಸೆರಗಿನಿಂದ ಅವರ ಕುತ್ತಿಗೆಯ ಬೆವರು ಒರೆಸಿದಳು. ಆ ಮಳೆಗಾಲಕ್ಕೆ ಮೊದಲೇ ಲಾರಿ ಬೇರೆಯವರ ಕೈಗೆ ಹೋಯಿತು. ಕೊಡುವ ದಿನ ಭಾವ ಅದನ್ನು ತಾವೇ ತೊಳೆದರು, ಚಕ್ರಗಳನ್ನು ಎರಡೆರಡು ಸಲ. ನನಗೆ ನೋಡಲಾಗದೆ ಒಳಗೆ ಹೋದೆ.

ಮೊನ್ನೆ ಆ ವಾಸನೆ ಬಂದಾಗ ಕಾರು ಓಡಿಸುತ್ತಿದ್ದವನು ನಾನು, ಪಕ್ಕದಲ್ಲಿ ಭಾವ. ನೋಡುತ್ತೇನೆ, ಬ್ರೇಕೇ ಇಲ್ಲದ ಕಡೆ ಅವರ ಬಲಗಾಲು ಮ್ಯಾಟನ್ನು ಗಟ್ಟಿಯಾಗಿ ಒತ್ತಿ ಹಿಡಿದಿದೆ. ನನ್ನ ಡ್ರೈವಿಂಗ್ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಹಿಂದೆಲ್ಲ ಸಿಟ್ಟು ಬರುತ್ತಿತ್ತು. ಮೊನ್ನೆ ಬರಲಿಲ್ಲ. ವೇಗ ತಗ್ಗಿಸಿದೆ. ಲಾರಿ ದೂರವಾಯಿತು, ನಡುವೆ ಒಂದು ರಿಕ್ಷಾ ನುಗ್ಗಿತು, ಇನ್ನಷ್ಟು ತಗ್ಗಿಸಿದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಭಾವನ ಕಾಲು ಸಡಿಲವಾಗಿ ಹಿಂದಕ್ಕೆ ಬರುವವರೆಗೂ ನಾನು ವೇಗ ಹೆಚ್ಚಿಸಲಿಲ್ಲ.