ಉಪ್ಪಿನ ಶಾಖ

ಹಂಚಿನ ಮೇಲೆ ಉಪ್ಪು ಚಟಚಟ ಸಿಡಿಯುವ ಸದ್ದು ಕೇಳಿದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ಯಾರ ಸೊಂಟ ಹಿಡಿದರೂ ಉಪ್ಪಿನ ಶಾಖ ಕೊಡುವಂತಿಲ್ಲ. ಅವ್ವ ಬಿಡುವುದಿಲ್ಲ.

ಅಪ್ಪ ಸವಣೂರಿನಲ್ಲಿ ವೀಳ್ಯದೆಲೆ ಮಾರುತ್ತಿದ್ದ. ಎಡಚ. ಎಲೆ ಎಣಿಸುವುದು, ಕಟ್ಟು ಕಟ್ಟುವುದು ಎಲ್ಲ ಎಡಗೈಯಲ್ಲೇ. ಕೊರೊನಾದ ಎರಡನೇ ಸೂಜಿಗೆ ಅವ್ವನೇ ಅವನನ್ನು ಎಬ್ಬಿಸಿಕೊಂಡು ಹೋಗಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ, "ಕೈ ಜಗ್ಗಾಕತ್ತೈತಿ" ಎಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಸೂಜಿ ಹಾಕಿಸಿಕೊಂಡರೆ ಜ್ವರ ಬರುತ್ತದೆ, ಕೈ ನೋಯುತ್ತದೆ, ಹೆದರಬೇಡಿ ಎಂದು ಆಶಾ ಕಾರ್ಯಕರ್ತೆ ಮನೆಮನೆಗೂ ಹೇಳಿಹೋಗಿದ್ದಳು. ಅವ್ವ ಹೆದರಲಿಲ್ಲ. ಉಪ್ಪು ಹುರಿದು, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಅವನ ತೋಳಿಗೆ ಒತ್ತುತ್ತ ಕೂತಳು. ಗಂಟು ಆರುವುದರೊಳಗೆ ಅಪ್ಪ ಹೋಗಿಬಿಟ್ಟ.

ಹೃದಯಾಘಾತ, ಆ ನೋವು ಎಡಗೈಗೂ ಇಳಿಯುತ್ತದೆ ಎಂದರು ಡಾಕ್ಟರು. ಓಣಿ ಮಾತ್ರ ಸೂಜಿ ಎಂದಿತು. ಅವ್ವ ಓಣಿಯ ಮಾತನ್ನೇ ಗಟ್ಟಿಯಾಗಿ ಹಿಡಿದಳು.

ಬೂಸ್ಟರ್ ಬಂದಾಗ ಅದೇ ಆಶಾ ಕಾರ್ಯಕರ್ತೆ ಬಂದಳು. ಅವ್ವ ಚಹಾ ಕೊಟ್ಟು, "ನನಗ ಬ್ಯಾಡವಾ" ಎಂದಳು. ಅವಳ ಮುಖ ನೋಡಿ ಅಕ್ಕಪಕ್ಕದವರೂ ಬ್ಯಾಡ ಎಂದರು. ನನಗೆ ಮೈಯೆಲ್ಲ ಉರಿಯಿತು. ಅವ್ವನಿಗೆ ಸಕ್ಕರೆ ಕಾಯಿಲೆ, ಮೇಲೆ ಉಬ್ಬಸ. ಇವಳನ್ನೂ ಕಳೆದುಕೊಳ್ಳುತ್ತೇನೆಂಬ ಭಯಕ್ಕೆ ಅವಳ ಮೇಲೇ ರೇಗಿದೆ.

"ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆತು ಬೇ. ಸೂಜಿ ಅಪ್ಪನ್ನ ಕೊಂದಿಲ್ಲ!"

ಅವ್ವ ಚಹಾದ ಕಪ್ಪು ತೊಳೆಯುತ್ತಿದ್ದಳು. ಕೈ ನಿಲ್ಲಿಸಿದಳು.

"ಸೂಜಿ ಕೊಂದಿಲ್ಲಂದ್ರ ಮತ್ತ ಯಾರು ಕೊಂದ್ರು, ಹೇಳು? ಎಲಿ ಕಟ್ಟೂ ಕೈ ನೋಯಬಾರ್ದು ಅಂತ ನಿಮ್ಮಪ್ಪ ಬಲಗೈಗೆ ಸೂಜಿ ಹಾಕಿಸ್ಕೊಂಡಿದ್ರು. ನಾ ಶಾಖಾ ಕೊಟ್ಟಿದ್ದು ಎಡಗೈಗೆ."

ಮತ್ತೆ ಕಪ್ಪು ತೊಳೆಯತೊಡಗಿದಳು.

ಆಮೇಲೆ ನಾನೊಬ್ಬನೇ ಶಿಗ್ಗಾವಿಗೆ ಹೋಗಿ ಬೂಸ್ಟರ್ ಹಾಕಿಸಿಕೊಂಡು ಬಂದೆ, ಅವಳಿಗೆ ಹೇಳದೆ. ತೋಳು ನೋಯುತ್ತಿದ್ದರೂ ನೋಯದವನ ಹಾಗೆ ಕೊಡ ಎತ್ತಿ ನೀರು ತಂದೆ. ಅಪ್ಪನಿಗೆ ಏನಾಗಿತ್ತು ಎಂದು ನೆಂಟರು ಯಾರಾದರೂ ಕೇಳಿದರೆ ಅವ್ವ ನನ್ನ ಮುಖ ನೋಡುತ್ತಾಳೆ.

"ಸೂಜಿಯಿಂದ ಆತ್ರಿ" ಎನ್ನುತ್ತೇನೆ.