ಶಿಷ್ಯೆಯ ಮುಂದೆ ಬರೆದ ಸುಳ್ಳು

ಸಿರುಗುಪ್ಪದ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಲೆ ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಮನೆ ಮಾಡಿದೆ. ಹೊತ್ತು ಹೋಗದ ಒಂದು ದಿನ ಫೋನಿನಲ್ಲಿ ವಿದೇಶಿ ಕಂಪನಿಯೊಂದರ ಆ್ಯಪ್ ಕಣ್ಣಿಗೆ ಬಿತ್ತು. ಡಾಲರ್, ಯೆನ್‌ಗಳ ಏರಿಳಿತದ ಮೇಲೆ ಹಣ ಹೂಡುವ ವ್ಯವಹಾರ. ಜೀವಮಾನವೆಲ್ಲ ಲೆಕ್ಕ ಕಲಿಸಿದವನಿಗೆ ಇದೇನು ಮಹಾ ಅನಿಸಿತು. ಹೆಂಡತಿಗೂ ಹೇಳದೆ ಬ್ಯಾಂಕಿಗೆ ಹೋದೆ.

ವಿದೇಶಕ್ಕೆ ಹಣ ಕಳಿಸುವ ವಿಭಾಗದಲ್ಲಿ ಕೂತಿದ್ದವಳು ನನ್ನದೇ ಶಿಷ್ಯೆ, ರಾರಾವಿಯಿಂದ ದಿನಾ ಬಸ್ಸಿನಲ್ಲಿ ಬಂದು ಓದಿದವಳು. ನನ್ನನ್ನು ಕಂಡದ್ದೇ ಎದ್ದು ನಿಂತಳು.

"ಬರ್ರಿ ಸರ, ಕುಂದರ್ರಿ. ಯಾರಿಗೆ ಕಳಸಾಕತ್ತೀರಿ?"

ಅರ್ಜಿಯಲ್ಲಿ ಉದ್ದೇಶ ಬರೆಯಬೇಕಿತ್ತು. ಓದು, ಚಿಕಿತ್ಸೆ, ಪ್ರವಾಸ, ಬಂಧುಗಳ ಖರ್ಚು ಇಂಥವಕ್ಕೆ ಕಳಿಸಬಹುದು, ಲಾಟರಿಗೆ, ಕರೆನ್ಸಿ ಆಟಕ್ಕೆ ಕೂಡದು ಎಂದು ಅವಳೇ ಬಿಡಿಸಿ ಹೇಳಿದಳು. ಕೇಳಿಸಿಕೊಂಡೂ ಅಂದೆ: "ನಮ್ಮ ತಂಗಿ ಮಗಳಿಗಮ್ಮ. ಅಲ್ಲೆ ಓದಾಕತ್ಯಾಳ." ಅರ್ಜಿಯಲ್ಲಿ ಅವಳ ಹೆಸರನ್ನೇ ಬರೆದೆ.

"ಖಾತೆ ಯಾವುದೋ ಕಂಪನಿದು ಐತಲ್ರಿ ಸರ?"

"ಫೀಸು ಅವರ ಕೈಲೇ ಕಟ್ಟಬೇಕಂತ. ಕಾಲೇಜಿನ ಪತ್ರ ಆಮೇಲೆ ತಂದುಕೊಡ್ತೀನಿ."

"ನೀವು ಹೇಳಿದ್ರ ಆತು ಬಿಡ್ರಿ" ಎಂದು ಸಹಿ ಹಾಕಿದಳು.

ಆ್ಯಪಿನಲ್ಲಿ ಹಣ ಬೆಳೆಯುತ್ತಲೇ ಇತ್ತು. ವಾಪಸು ಕೇಳಿದಾಗ ಮಾತ್ರ, ಇನ್ನಷ್ಟು ಕಳಿಸಿದರೆ ಕೊಡುತ್ತೇವೆ ಎಂದರು. ಮೋಸ ಹೋದೆನೆಂದು ಅರ್ಥವಾದ ವಾರವೇ ಅವಳ ಫೋನು ಬಂತು. ಮೇಲಿನ ಕಚೇರಿಯವರು ಕಾಲೇಜಿನ ಪತ್ರ ಕೇಳುತ್ತಿದ್ದರು.

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕುರುಗೋಡಿನ ತಂಗಿಯ ಮನೆಗೆ ಹೋದೆ. ತಂಗಿಯ ಮಗಳು ಅಲ್ಲೇ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಪರದೇಶವಿರಲಿ, ಹೈದರಾಬಾದನ್ನೂ ಕಂಡವಳಲ್ಲ.

"ನಿನ್ನ ಓದಿಗಂತ ಬರದು ರೊಕ್ಕ ಕಳಸೀನಿ. ಬ್ಯಾಂಕಿನವರು ಫೋನ್ ಮಾಡಿದ್ರ, ಪರದೇಶದಾಗ ಓದಾಕತ್ತೀನಿ ಅನ್ನವ್ವ" ಎಂದೆ.

ಅವಳು ನೇರವಾಗಿ ಕೇಳಿದಳು: "ನನ್ನ ಹೆಸರು ಬರಿಯಾಕಿಂತ ಮುಂಚೆ ನನ್ನ ಒಂದ್ ಮಾತು ಕೇಳಿದ್ದಿಲ್ಲಲ್ರಿ ಮಾಮ. ಈಗ ಸುಳ್ಳು ಹೇಳಂದ್ರ ಹೆಂಗ?"

ಅಷ್ಟರಲ್ಲಿ ತಂಗಿ ಚಹಾ ತಂದಳು. ತಾಯಿಯ ಮುಂದೆ ಹುಡುಗಿ ಆ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಮಾನ ಕಾಪಾಡಲು ಸುಮ್ಮನಿದ್ದಾಳೆಂದು ಗೊತ್ತಾಗಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಬ್ಯಾಂಕಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಶಿಷ್ಯೆ ಸಿಟ್ಟಾಗಲಿಲ್ಲ. ಒಂದು ಬಿಳಿ ಹಾಳೆ ಮುಂದಿಟ್ಟು, "ಇದ್ದದ್ದು ಇದ್ದಂಗ ಬರೀರಿ ಸರ" ಎಂದಳು. ನಾನು ಬರೆಯುವಾಗ ಅಂದಳು: "ಬ್ಯಾರೆ ಯಾರರ ಆಗಿದ್ರ ಪತ್ರ ನೋಡದೆ ಬಿಡ್ತಿದ್ದಿಲ್ಲರಿ ನಾನು."

ಹೋದ ಹಣ ಬರಲಿಲ್ಲ. ಪತ್ರ ನೋಡದೆ ಸಹಿ ಹಾಕಿದ್ದಕ್ಕೆ ಅವಳು ಮೇಲಿನವರಿಗೆ ಲಿಖಿತ ಉತ್ತರ ಕೊಡಬೇಕಾಯಿತು. ಆ ಕೆಲಸದಿಂದ ತೆಗೆದು ನಗದು ಕೌಂಟರಿಗೆ ಹಾಕಿದರು. ನನ್ನ ಪಿಂಚಣಿ ಅದೇ ಶಾಖೆಗೆ ಬರುತ್ತದೆ. ಈಗ ಅವಳು ಊಟಕ್ಕೆ ಏಳುವ ಹೊತ್ತು ನೋಡಿಕೊಂಡು ಹೋಗುತ್ತೇನೆ.